ಏಳು ಭತ್ತದ ತೂಕದ ಕಬ್ಬಿಣ

ನಾಗಮಂಗಲ
20 ಜುಲೈ 2025

ಪ್ರೀತಿಯ ದೊಡ್ಡಮ್ಮನಿಗೆ,

ಸಿಂಧಘಟ್ಟದ ರಂಜಿತ ಮಾಡುವ ನಮಸ್ಕಾರ. ಹೆಸರು ನೋಡಿದ ಕೂಡಲೇ ಕಾಗದ ಮಡಚಿ ಇಟ್ಟುಬಿಡಬೇಡಿ. ಧರ್ಮೇಂದ್ರಣ್ಣನ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು ಆಮೇಲೆ ಪಾಲಹಳ್ಳಿಯ ಕಡೆ ತಲೆ ಹಾಕಲಿಲ್ಲ ಎಂದು ನಿಮಗೆ ಬೇಸರವಿದ್ದರೆ ಅದು ನ್ಯಾಯವೇ. ನಾನು ಕೇಳಿದಾಗಲೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದರು: "ಮಗನ್ನ ಕಳ್ಕಂಡವ್ರ ಮುಂದೆ ನಿನ್ನ ಕರ್ಕಂಡೋಗಿ ನಿಲ್ಸಕ್ಕೆ ನಂಗೆ ಮಕ ಇಲ್ಲ ಕನಮ್ಮ." ನನಗೂ ಧೈರ್ಯವಿರಲಿಲ್ಲ. ನೀವು ನನ್ನನ್ನು ನೋಡಿ ಅಳುತ್ತೀರಿ ಎಂದು ಹೆದರಿಕೆಯಾಗುತ್ತಿತ್ತು.

ಈಗ ಇಲ್ಲಿ ಪಿಯುಸಿ ಮೊದಲ ವರ್ಷಕ್ಕೆ ಸೇರಿ ಹಾಸ್ಟೆಲಿನಲ್ಲಿದ್ದೇನೆ. ಮೊಬೈಲು ಇಟ್ಟುಕೊಳ್ಳುವ ಹಾಗಿಲ್ಲ. ಭಾನುವಾರ ವಾರ್ಡನ್ ಫೋನಿನಿಂದ ಅಪ್ಪ ಅಮ್ಮನಿಗೆ ಮಾತ್ರ ಮಾತಾಡಬಹುದು. ಅದಕ್ಕೇ ಈ ಕಾಗದ.

ಬರೆಯುವುದಕ್ಕೆ ಒಂದು ಕಾರಣವಿದೆ. ಈ ವಾರ ಕೆಮಿಸ್ಟ್ರಿಯಲ್ಲಿ ಒಂದು ಲೆಕ್ಕ ಕಲಿಸಿದರು. ಯಾವುದೇ ಧಾತುವಿನ ತೂಕ ಗೊತ್ತಿದ್ದರೆ ಅದರಲ್ಲಿ ಎಷ್ಟು ಪರಮಾಣುಗಳಿವೆ ಎಂದು ಹೇಳಬಹುದು. ಪರಮಾಣು ಎಂದರೆ ಆ ಧಾತುವಿನ ಅತಿ ಸಣ್ಣ ಕಣ, ಕಣ್ಣಿಗೆ ಕಾಣುವುದಿಲ್ಲ. ಐವತ್ತಾರು ಗ್ರಾಂ ಕಬ್ಬಿಣ ತೆಗೆದುಕೊಂಡರೆ, ಅದು ಮೊಳೆಯಾಗಿರಲಿ, ನೇಗಿಲ ಗುಳವಾಗಿರಲಿ, ಅದರಲ್ಲಿರುವ ಪರಮಾಣುಗಳು 6022 ಬರೆದು ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು. ತೂಕವನ್ನು ಐವತ್ತಾರರಿಂದ ಭಾಗಿಸಿ, ಬಂದದ್ದನ್ನು ಈ ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಆಯಿತು.

ರಕ್ತದ ಕೆಂಪಿಗೆ ಕಬ್ಬಿಣವೇ ಕಾರಣ ಎಂದು ಮೇಡಂ ಹೇಳಿದರು. ನನಗೆ ತಕ್ಷಣ ಮಂಡ್ಯದ ಆಸ್ಪತ್ರೆ ನೆನಪಾಯಿತು. ಎಂಟನೇ ಕ್ಲಾಸಿನಲ್ಲಿದ್ದಾಗ ಪಾಂಡವಪುರದ ರಸ್ತೆಯಲ್ಲಿ ನಮ್ಮ ಆಟೋ ಕಬ್ಬಿನ ಟ್ರಾಕ್ಟರಿಗೆ ಗುದ್ದಿ ನನ್ನ ತೊಡೆ ಮುರಿದದ್ದು, ನನ್ನ ಗುಂಪಿನ ರಕ್ತ ಸಿಗದೆ ಅಪ್ಪ ಗೋಡೆಗೆ ಒರಗಿ ಕುಳಿತದ್ದು. ಆಸ್ಪತ್ರೆಯವರು ಫೋನು ಮಾಡಿದರೆಂದು ಹಾಲಿನ ವ್ಯಾನು ನಿಲ್ಲಿಸಿ ಬಂದ ಧರ್ಮೇಂದ್ರಣ್ಣ ನಮಗೆ ಯಾರೂ ಅಲ್ಲ. ಆದರೂ ಆಮೇಲೆ ತಿಂಗಳಿಗೊಮ್ಮೆ ಸಿಂಧಘಟ್ಟಕ್ಕೆ ಬಂದು ಬಾಗಿಲಿನಿಂದಲೇ ಕೂಗುತ್ತಿದ್ದ: "ಏನ್ ಕೂಸೇ, ನನ್ ರಕ್ತ ಕುಡ್ಕಂಡು ಇನ್ನೂ ಕುಂಟ್ತಾ ಇದ್ದೀಯಲ್ಲ, ನೆಟ್ಟಗೆ ನಡಿ!"

ಅವನು ಕೊಟ್ಟ ಒಂದು ಚೀಲ ರಕ್ತದಲ್ಲಿ ಕಬ್ಬಿಣ 168 ಗ್ರಾಂ. ಐವತ್ತಾರರಿಂದ ಭಾಗಿಸಿದರೆ ಸರಿಯಾಗಿ ಮೂರು. ಗುಣಿಸಿದರೆ 18066 ಬರೆದು ಮುಂದೆ ಇಪ್ಪತ್ತು ಸೊನ್ನೆ: 1806600000000000000000000. ಅಷ್ಟು ಪರಮಾಣುಗಳು, ದೊಡ್ಡಮ್ಮ.

ರಕ್ತದ ಕಣ ನಾಲ್ಕು ತಿಂಗಳಿಗೆ ಸಾಯುತ್ತದೆ, ಆದರೆ ಮೈ ಅದರೊಳಗಿನ ಕಬ್ಬಿಣವನ್ನು ಬಿಸಾಡುವುದಿಲ್ಲ. ತೆಗೆದಿಟ್ಟುಕೊಂಡು ಹೊಸ ಕಣಕ್ಕೆ ಹಾಕುತ್ತದೆ. ಹಾಗಾದರೆ ಅದೆಲ್ಲ ಈಗಲೂ ನನ್ನೊಳಗೆ ಓಡಾಡುತ್ತಿದೆ. ಅಣ್ಣ ಪೂರ್ತಿ ಹೋಗಿಲ್ಲ. ಇದನ್ನು ನಿಮಗೆ ಹೇಳದೆ ಇರಲು ಆಗಲಿಲ್ಲ.

ದೊಡ್ಡಪ್ಪನಿಗೂ ನಮಸ್ಕಾರ ತಿಳಿಸಿ.

ಇತಿ, ನಿಮ್ಮ
ರಂಜಿತ


ಪಾಲಹಳ್ಳಿ
3 ಆಗಸ್ಟ್ 2025

ಮಗಳು ರಂಜಿತಳಿಗೆ,

ಚಲುವಮ್ಮ ಮಾಡುವ ಆಶೀರ್ವಾದ. ನಾನು ಓದಿದ್ದು ಏಳನೇ ಕ್ಲಾಸು. ಬರೆದು ಬಹಳ ವರ್ಷವಾಯಿತು, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಬೇಸರ ಇತ್ತು, ಸುಳ್ಳು ಯಾಕೆ ಹೇಳಲಿ. ನಿಮ್ಮಮ್ಮ ಒಂದು ದಿನ ಬಂದು ನನ್ನ ಜೊತೆ ಕುಳಿತಿದ್ದರೆ ಸಾಕಾಗಿತ್ತು. ನಿನ್ನನ್ನು ನೋಡಿದ್ದರೆ ಅಳುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ. ನೀವು ಬಾರದಿದ್ದಾಗ ಅದೂ ಆಗಲಿಲ್ಲ.

ನಿನ್ನ ಕಾಗದ ಬಂದ ದಿನ ನಿಮ್ಮ ದೊಡ್ಡಪ್ಪ ಗದ್ದೆಯಲ್ಲಿದ್ದರು. ಒಬ್ಬಳೇ ಕುಳಿತು ಓದಿದೆ. ಲೆಕ್ಕ ನನಗೆ ತಿಳಿಯಲಿಲ್ಲ. ಸೊನ್ನೆಗಳ ಮೇಲೆ ಬೆರಳಿಟ್ಟುಕೊಂಡು ಹೋದೆ, ಎರಡು ಸಲ ತಪ್ಪಿತು. ಆದರೆ ಅಣ್ಣ ಪೂರ್ತಿ ಹೋಗಿಲ್ಲ ಎಂದು ಬರೆದಿದ್ದೀಯಲ್ಲ, ಅದು ತಿಳಿಯಿತು.

ನಾಲೆ ಏರಿಯ ಮೇಲೆ ಬೈಕು ಜಾರಿ ನೀರಿಗೆ ಬಿದ್ದವನನ್ನು ಜನ ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿದಾಗ ನಾನು ಅವನ ಅಂಗಾಲು ಮುಟ್ಟಿ ನೋಡಿದೆ. ತಣ್ಣಗಿತ್ತು. ಅವತ್ತಿನಿಂದ ನನ್ನ ಕೈಗೆ ಆ ತಣ್ಣನೆಯದು ಅಂಟಿಕೊಂಡಿದೆ, ಒಲೆ ಮುಂದೆ ಕುಳಿತರೂ ಹೋಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು ಬಂದೆವು. ಹೊಳೆ ಒಯ್ದಿತು, ಇನ್ನು ಅವನದು ಅಂತ ಈ ಭೂಮಿಯ ಮೇಲೆ ಏನೂ ಇಲ್ಲ ಅಂದುಕೊಂಡಿದ್ದೆ. ನೀನು ಇದೆ ಎನ್ನುತ್ತೀಯ.

ಒಂದು ಮಾತು ಕೇಳುತ್ತೇನೆ, ನಾಚಿಕೊಳ್ಳಬೇಡ. ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ಹೋಗುತ್ತದಲ್ಲ, ಅದರಲ್ಲಿ ಅವನೂ ಹೋಗುತ್ತಾನಾ? ಇನ್ನೂ ಎಷ್ಟು ಉಳಿದಿದ್ದಾನೆ?

ಚೆನ್ನಾಗಿ ಊಟ ಮಾಡು. ಚಾಕು ಕತ್ತರಿ ಮುಟ್ಟುವಾಗ ಹುಷಾರು. ಬಿದ್ದು ಗಾಯ ಮಾಡಿಕೊಳ್ಳಬೇಡ. ದೊಡ್ಡಪ್ಪನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಹೀಗೆ ಬರೆದವಳು,
ಚಲುವಮ್ಮ


ನಾಗಮಂಗಲ
17 ಆಗಸ್ಟ್ 2025

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಕಾಗದ ಓದಿ ಹಾಸ್ಟೆಲಿನ ಟೆರೇಸಿಗೆ ಹೋಗಿ ಅತ್ತೆ. ಅಮ್ಮನಿಗೂ ಫೋನಿನಲ್ಲಿ ಹೇಳಿದೆ. ನೀವು ಬೇಸರ ಮಾಡಿಕೊಂಡದ್ದು ನಾವು ಬಂದದ್ದಕ್ಕಲ್ಲ, ಬಾರದೇ ಇದ್ದದ್ದಕ್ಕೆ ಎಂದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ಕಾಗದದ ಲೆಕ್ಕವನ್ನು ಮೇಡಂಗೆ ತೋರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಲ್ಲಮ್ಮಾ, ನೂರ ಅರವತ್ತೆಂಟು ಗ್ರಾಂ ಕಬ್ಬಿಣ ಅಂದ್ರೆ ಒಂದು ಕುಡುಗೋಲು ಆಯ್ತದೆ. ನಿನ್ನ ಮೈಯೊಳಗೆ ಕುಡುಗೋಲು ಮಡಗವ್ರಾ?" ಎಂದರು. ಕ್ಲಾಸೆಲ್ಲ ನಕ್ಕಿತು. ಅದು ಗ್ರಾಂ ಅಲ್ಲ, ಮಿಲಿಗ್ರಾಂ. ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ನಾನು ಬರೆದ ಸೊನ್ನೆಗಳಲ್ಲಿ ಕೊನೆಯ ಮೂರನ್ನು ಹೊಡೆದುಹಾಕಿ. 18066, ಮುಂದೆ ಹದಿನೇಳು ಸೊನ್ನೆ.

ನಿಮಗೆ ಕೈಯಲ್ಲಿ ಹಿಡಿದ ಹಾಗೆ ಹೇಳಬೇಕೆಂದು ಲ್ಯಾಬಿನ ತಕ್ಕಡಿಯಲ್ಲಿ ಭತ್ತ ಇಟ್ಟು ತೂಗಿದೆ. ಏಳು ಭತ್ತದ ಕಾಳಿನ ತೂಕವಾಯಿತು. ಅಣ್ಣ ಕೊಟ್ಟ ಕಬ್ಬಿಣ ಅಷ್ಟು. ಅಷ್ಟೇ ಆದರೂ ಅದರೊಳಗಿನ ಪರಮಾಣುಗಳನ್ನು ಊರಿನವರೆಲ್ಲ ಸೇರಿ ಜನ್ಮಪೂರ್ತಿ ಎಣಿಸಿದರೂ ಒಂದು ಮೂಲೆಯೂ ಮುಗಿಯುವುದಿಲ್ಲ.

ನೀವು ಕೇಳಿದ್ದಕ್ಕೆ ನಾಚಿಕೆಯೇನಿಲ್ಲ. ಹೌದು ದೊಡ್ಡಮ್ಮ, ಹೋಗುತ್ತದೆ. ದಿನಾ ಚೂರು ಚರ್ಮದ ಜೊತೆಗೆ, ತಿಂಗಳಿಗೊಮ್ಮೆ ಸ್ವಲ್ಪ ಹೆಚ್ಚು. ಎಷ್ಟು ಉಳಿದಿದೆ ಎಂದು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ, ಮೇಡಂಗೂ ಬರುವುದಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಇರಬಹುದು ಎಂದರು. ಮೈ ಕಬ್ಬಿಣದ ವಿಷಯದಲ್ಲಿ ಬಹಳ ಜಿಪುಣ, ಬಿಟ್ಟುಕೊಡುವುದಕ್ಕೆ ಮನಸ್ಸು ಮಾಡುವುದಿಲ್ಲವಂತೆ. ನಾನಿರುವ ತನಕ ಅವನೂ ಒಂದಿಷ್ಟು ಇರುತ್ತಾನೆ.

ಚಾಕು ಕತ್ತರಿ ಮುಟ್ಟುತ್ತಿಲ್ಲ. ಹಾಸ್ಟೆಲಿನ ಅಡುಗೆಯವರು ಈರುಳ್ಳಿ ಹೆಚ್ಚಲು ಕರೆದರೆ, ನಮ್ಮ ದೊಡ್ಡಮ್ಮ ಬೇಡ ಅಂದಿದ್ದಾರೆ ಎನ್ನುತ್ತೇನೆ.

ನಿಮ್ಮ ಮಗಳಂಥವಳು,
ರಂಜಿತ


ಪಾಲಹಳ್ಳಿ
10 ಸೆಪ್ಟೆಂಬರ್ 2025

ಚಿ. ರಂಜಿತಳಿಗೆ,

ನಿನ್ನ ದೊಡ್ಡಪ್ಪ ಚೌಡಯ್ಯ ಬರೆಯುವುದು. ನಿನ್ನ ಎರಡು ಕಾಗದಗಳನ್ನೂ ಈಗ ಓದಿದೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀಯ. ಆದರೆ ನಮ್ಮ ಮನೆಯಲ್ಲಿ ಅದರಿಂದ ಒಂದು ತೊಂದರೆಯಾಗಿದೆ, ನೀನೇ ಸರಿಮಾಡಬೇಕು.

ಪಕ್ಷ ಬಂದಿದೆ. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ, ನಿಮ್ಮಲ್ಲೂ ಇರುತ್ತದೆ. ಹೋದ ವರ್ಷ ಮೊದಲ ಸಲ ಧರ್ಮನ ಹೆಸರಿಗೂ ಒಂದು ಎಲೆ ಹಾಕಿದೆವು. ನನ್ನ ಅಪ್ಪ, ನನ್ನ ಅವ್ವ, ಪಕ್ಕದಲ್ಲಿ ನನ್ನ ಮಗ. ಹೆತ್ತವನಿಗೆ ಅದು ಎಂಥ ಕಷ್ಟ ಎಂದು ಬರೆಯಲಾರೆ. ಆದರೂ ಇಟ್ಟೆವು, ಉಂಡು ಹೋದ ಎಂದುಕೊಂಡೆವು.

ಈ ವರ್ಷ ಶ್ರೀರಂಗಪಟ್ಟಣಕ್ಕೆ ಹೋಗಿ ಎಡೆಯ ಮುಂದೆ ಇಡಲು ಅವನ ಅಳತೆಯ ಅಂಗಿ, ಪಂಚೆ ತಂದೆ. ನಿಮ್ಮ ದೊಡ್ಡಮ್ಮ ಚೀಲವನ್ನೇ ಬಿಚ್ಚಲಿಲ್ಲ. ಅವನಿಗೆ ಎಡೆ ಇಡುವುದಿಲ್ಲ ಎಂದುಬಿಟ್ಟಳು. ಯಾಕೆ ಎಂದರೆ ಪೆಟ್ಟಿಗೆಯಿಂದ ನಿನ್ನ ಕಾಗದ ತೆಗೆದು ಕೊಟ್ಟಳು. "ಉಸ್ರಾಡ್ತಿರೋ ಮೈಯೊಳಗೆ ಅವ್ನೆ. ಅಂಥೋನ್ಗೆ ಎಡೆ ಇಕ್ಬುಟ್ರೆ ಬದ್ಕಿರೋ ಕೂಸ್ಗೆ ಇಕ್ದಂಗೇ ಆಗ್ತದೆ. ಆ ಮಗೀಗೇನಾದ್ರೂ ಆದ್ರೆ?" ಎಂದಳು.

ನಾನು ಬೈದೆ. "ಯಾವ್ದೋ ಕಾಲೇಜ್ ಲೆಕ್ಕ ಇಡ್ಕಂಡು ನನ್ ಮಗನ್ನ ಉಪಾಸ ಕೆಡವ್ತೀಯಾ?" ಎಂದೆ. ಆಡಬಾರದ ಮಾತೂ ಆಡಿದೆ. ಅವಳು ಅಳಲೂ ಇಲ್ಲ, ಜಗ್ಗಲೂ ಇಲ್ಲ. ನಿನಗೆ ಕೇಡಾಗಬಾರದು ಎಂದು ಅವಳ ಹಟ. ಅವನು ಹಸಿದುಕೊಂಡು ಬಂದು ಬಾಗಿಲಿನಿಂದ ಹಿಂದಕ್ಕೆ ಹೋಗಬಾರದು ಎಂದು ನನ್ನ ಸಂಕಟ. ಇಬ್ಬರದೂ ಅವನ ಮೇಲಿನ ಆಸೆಯೇ.

ಆ ಲೆಕ್ಕ ತಪ್ಪು, ನನ್ನೊಳಗೆ ಅವನದು ಏನೂ ಇಲ್ಲ ಎಂದು ಒಂದು ಸಾಲು ಬರೆದುಬಿಡು. ನಿನ್ನ ಮಾತು ಕೇಳುತ್ತಾಳೆ. ಒಂದು ಸಲ ತಪ್ಪಾಗಿತ್ತು ಎಂದು ನೀನೇ ಬರೆದಿದ್ದೀಯಲ್ಲ, ಇನ್ನೊಂದು ಸಲ ಅಂದರೆ ನಂಬುತ್ತಾಳೆ. ಅಮಾವಾಸ್ಯೆಯೊಳಗೆ ಕೈ ಸೇರುವ ಹಾಗೆ ಹಾಕು.

ಇತಿ ಆಶೀರ್ವಾದಗಳು,
ಚೌಡಯ್ಯ


ನಾಗಮಂಗಲ
14 ಸೆಪ್ಟೆಂಬರ್ 2025

ದೊಡ್ಡಮ್ಮ,

ದೊಡ್ಡಪ್ಪ ನನಗೆ ಕಾಗದ ಬರೆದಿದ್ದರು. ನಿಮ್ಮಿಂದ ಮುಚ್ಚಿಡುವುದಿಲ್ಲ. ಲೆಕ್ಕ ತಪ್ಪು ಎಂದು ಬರೆಯಲು ಹೇಳಿದ್ದರು. ಬರೆದೆ, ಹರಿದೆ. ಲೆಕ್ಕ ತಪ್ಪಿಲ್ಲ. ನಿಮಗೆ ಸುಳ್ಳು ಹೇಳಿದರೆ ಅಣ್ಣನ ಮುಖ ನೆನೆಸಿಕೊಳ್ಳಲು ನನಗಾಗುವುದಿಲ್ಲ.

ಆದರೆ ಮೊದಲ ಕಾಗದದಲ್ಲಿ ಒಂದು ವಾಕ್ಯ ಬರೆದೆನಲ್ಲ, ಅಣ್ಣ ಪೂರ್ತಿ ಹೋಗಿಲ್ಲ ಎಂದು, ಅದು ಲೆಕ್ಕದಿಂದ ಬಂದದ್ದಲ್ಲ. ಅದು ನನ್ನ ಆಸೆ. ಲೆಕ್ಕದ ಪಕ್ಕದಲ್ಲೇ ಬರೆದದ್ದಕ್ಕೆ ಅದೂ ಲೆಕ್ಕದ ಹಾಗೆ ಕಂಡಿತು. ನಾನು ಎಣಿಸಿದ್ದು ಕಬ್ಬಿಣ. ಅಣ್ಣನನ್ನು ಎಣಿಸಲಿಲ್ಲ.

ಪರಮಾಣುವಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಅಣ್ಣನದು ಎನ್ನುವ ಆ ಕಬ್ಬಿಣ ಅವನಿಗಾದರೂ ಎಲ್ಲಿಂದ ಬಂತು? ನಿಮ್ಮ ಹೊಲದ ರಾಗಿಯಿಂದ, ನೀವು ಬಿಡಿಸಿ ಬೇಯಿಸಿದ ಸೊಪ್ಪಿನಿಂದ. ಅದಕ್ಕೂ ಮೊದಲು, ಅವನು ಹೊಟ್ಟೆಯಲ್ಲಿದ್ದಾಗ, ನಿಮ್ಮ ರಕ್ತದಿಂದ. ಅದು ಅವನ ಮೂಲಕ ಹಾದು ನನ್ನ ಹತ್ತಿರ ಬಂದಿದೆ, ನನ್ನಿಂದಲೂ ಹೋಗುತ್ತದೆ. ಅದಕ್ಕೆ ಹಸಿವಾಗುವುದಿಲ್ಲ. ಅದು ಬಾಗಿಲಲ್ಲಿ ನಿಂತು ಕೂಸೇ ಎಂದು ಕೂಗುವುದಿಲ್ಲ. ಕೂಗುತ್ತಿದ್ದವನು ಹೋದ, ದೊಡ್ಡಮ್ಮ. ಹೋದವನಿಗೆ ಎಡೆ ಇಡಬೇಕು. ನನಗೆ ಏನೂ ಆಗುವುದಿಲ್ಲ.

ನನ್ನ ಕಾಗದ ನೋಡಿ ನಿಮಗೆ ನಂಬಿಕೆ ಬಾರದಿದ್ದರೆ ನನ್ನನ್ನೇ ನೋಡಿ. ದಸರಾ ರಜೆ ಕೊಡುತ್ತಾರೆ. ಅಮಾವಾಸ್ಯೆ ಭಾನುವಾರ ಬಂದಿದೆ. ಬೆಳಿಗ್ಗೆಯ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಇವತ್ತು ಫೋನಿನಲ್ಲಿ ಕೇಳಿದೆ. ಅಮ್ಮ, "ಬತ್ತೀನಿ ಕನಮ್ಮ, ಅವ್ರು ಬಾಗ್ಲಾಕುದ್ರೂ ಬತ್ತೀನಿ" ಎಂದರು.

ಅಣ್ಣನಿಗೆ ಎಡೆ ಇಡಿ. ನನಗೆ ಬೇರೆ ಎಲೆ ಹಾಕಿ ಊಟ ಬಡಿಸಿ. ಎರಡನ್ನೂ ನೀವೇ ಮಾಡಿ.

ನಿಮ್ಮ
ರಂಜಿತ


ಪಾಲಹಳ್ಳಿ
9 ಅಕ್ಟೋಬರ್ 2025

ಮಗಳು ರಂಜಿತಳಿಗೆ,

ನೀನು ಹಾಸ್ಟೆಲು ಸೇರಿಕೊಂಡೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದರು. ಈಗ ಎರಡು ದಿನಕ್ಕೊಮ್ಮೆ ಮಾತಾಡುತ್ತೇವೆ. ಹೆಚ್ಚು ಹೊತ್ತು ಅವರೇ ಅಳುತ್ತಾರೆ, ಸಮಾಧಾನ ಮಾಡುವ ಕೆಲಸ ನನ್ನದಾಗಿದೆ.

ಅಮಾವಾಸ್ಯೆಯ ದಿನ ಮನೆ ತುಂಬ ಜನವಿದ್ದರು, ನಿನ್ನ ಹತ್ತಿರ ಹೇಳಲಾಗದೆ ಉಳಿದದ್ದನ್ನು ಬರೆಯುತ್ತೇನೆ. ನಿನ್ನ ಕಾಗದ ಓದಿದ ಮೇಲೂ ನನ್ನ ಮನಸ್ಸು ಒಪ್ಪಿರಲಿಲ್ಲ. ನೀವು ಬರುತ್ತೀರಿ ಎಂದು ಅಡುಗೆ ಮಾಡಿದೆ, ಅವನಿಗೆ ಮೂರನೇ ಎಲೆಯನ್ನೂ ಹಾಕಿದೆ. ನಿಮ್ಮ ದೊಡ್ಡಪ್ಪ ಅಂಗಿ, ಪಂಚೆ ತಂದು ಇಟ್ಟರು. ಬಡಿಸುವಾಗ ಕೈ ನಿಂತುಹೋಗುತ್ತಿತ್ತು. ನೀನು ಕಂಬದ ಹತ್ತಿರ ನಿಂತಿದ್ದೆ, ತಲೆಸುತ್ತು ಬರುತ್ತದಾ, ಮುಖ ಬಾಡುತ್ತದಾ ಎಂದು ನಿನ್ನನ್ನೇ ಕದ್ದು ನೋಡುತ್ತಿದ್ದೆ. ನೀನು ವಡೆಯ ವಾಸನೆಗೆ ಮೂಗು ಅರಳಿಸುತ್ತಿದ್ದೆ.

ಆಮೇಲೆ ಧೂಪ ಹಾಕಿದರು. ಹಿರಿಯರು ಉಣ್ಣುವ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ದೊಡ್ಡಪ್ಪ ಹೋದರು, ನಿಮ್ಮಮ್ಮ ಹೋದರು. ನನಗೆ ಆಗ ದಿಕ್ಕು ತೋಚಲಿಲ್ಲ. ಉಣ್ಣಬೇಕಾದವನು ನಿನ್ನೊಳಗಿದ್ದರೆ ನೀನು ಒಳಗಿರಬೇಕು. ನೀನು ಬದುಕಿರುವ ಮಗುವಾದರೆ ಹೊರಗೆ ಬರಬೇಕು. ಹೊಸ್ತಿಲ ಹತ್ತಿರ ನಿಂತುಬಿಟ್ಟೆ. ನೀನು ಏನೂ ಯೋಚಿಸದೆ, "ಬನ್ನಿ ದೊಡ್ಡಮ್ಮ, ಅಣ್ಣ ಊಟ ಮಾಡ್ಲಿ" ಎಂದು ನನ್ನ ಕೈ ಹಿಡಿದುಕೊಂಡು ಹೊರಗೆ ಬಂದೆ. ದೊಡ್ಡಪ್ಪ ಬಾಗಿಲು ಎಳೆದುಕೊಂಡರು.

ಜಗಲಿಯ ಮೇಲೆ, ಅವನನ್ನು ಮಲಗಿಸಿದ್ದ ಜಾಗದಲ್ಲೇ, ನಿಂತಿದ್ದೆವು. ನಿನ್ನ ಕೈ ಬೆಚ್ಚಗಿತ್ತು. ಮುಚ್ಚಿದ ಬಾಗಿಲಿನ ಒಳಗೆ ಒಂದು ಸದ್ದಿರಲಿಲ್ಲ. ನನ್ನ ಮಗ ಆ ಕಡೆ, ಅವನು ಕೊಟ್ಟದ್ದು ಈ ಕಡೆ. ಎರಡೂ ಬೇರೆ ಎಂದು ನನಗೆ ಆಗ ಗೊತ್ತಾಯಿತು. ನೀನು ಬರೆದಾಗ ಗೊತ್ತಾಗಲಿಲ್ಲ, ಕೈ ಹಿಡಿದುಕೊಂಡಾಗ ಗೊತ್ತಾಯಿತು. ಎರಡು ವರ್ಷದಿಂದ ಅಳು ಬಂದಿರಲಿಲ್ಲ, ಬಂತು. ನಿಮ್ಮಮ್ಮ ಹೆದರಿದ್ದು ಇದಕ್ಕೇ ಅಲ್ಲವಾ? ನೋಡು, ಏನೂ ಆಗಲಿಲ್ಲ.

ಇನ್ನೊಂದು ಮಾತು. ನಿನ್ನ ಎಲೆಗೆ ಮಾತ್ರ ನುಗ್ಗೆಸೊಪ್ಪಿನ ಪಲ್ಯವನ್ನು ಎರಡು ಸಲ ಯಾಕೆ ಬಡಿಸಿದಿರಿ ಎಂದು ಕೇಳಿದೆಯಲ್ಲ. ಆಶಾ ಕಾರ್ಯಕರ್ತೆ ಕುಳ್ಳಮ್ಮನನ್ನು ಕೇಳಿದ್ದೆ, ಮೈಗೆ ಕಬ್ಬಿಣ ಯಾವುದರಲ್ಲಿ ಬರುತ್ತದೆ ಎಂದು. ನುಗ್ಗೆಸೊಪ್ಪು ಒಳ್ಳೆಯದು, ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು ಎಂದಳು. ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ನಮ್ಮತ್ತೆಯ ಕಾಲದ ಬಾಣಲೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಅದರಲ್ಲೇ ಮಾಡಿದ್ದೆ.

ಅವನು ಕೊಟ್ಟ ಏಳು ಭತ್ತದ ತೂಕ ತಿಂಗಳು ತಿಂಗಳು ಕಡಿಮೆಯಾಗುತ್ತದೆ ಎಂದೆಯಲ್ಲ. ಆಗಲಿ ಬಿಡು, ನನಗೆ ಈಗ ಅದರ ಭಯವಿಲ್ಲ. ಈರುಳ್ಳಿ ಹೆಚ್ಚಲು ಕರೆದರೆ ಹೋಗು. ಅವನಿಗೆ ಎಡೆ ವರ್ಷಕ್ಕೊಂದು ಸಲ. ನೀನು ರಜೆ ಸಿಕ್ಕಾಗಲೆಲ್ಲ ಬಾ, ಕಡಿಮೆಯಾದಷ್ಟನ್ನು ನಾನು ಬಡಿಸುತ್ತೇನೆ. ಬಾಣಲೆಯನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ.

ನಿನ್ನ ದೊಡ್ಡಮ್ಮ,
ಚಲುವಮ್ಮ